ರಾಮಸ್ವಾಮಿ ವೃತ್ತ

ಬಂಟ್ವಾಳದ ಪ್ರೌಢಶಾಲೆಯೊಂದರಲ್ಲಿ ಚರಿತ್ರೆಯ ಪಾಠ ಹೇಳುತ್ತಿದ್ದ ದಿನಗಳು. ಒಮ್ಮೆ ಮಕ್ಕಳೊಡನೆ ಮೈಸೂರಿಗೆ ಪ್ರವಾಸ ಹೋಗಿದ್ದೆ. ಮಹಾರಾಜ ಕಾಲೇಜಿನ ಸಮೀಪ ಬಸ್ಸು ವೃತ್ತವನ್ನು ಬಳಸುತ್ತಿದ್ದಾಗ ಒಬ್ಬ ಹುಡುಗ, ‘ಸಾರ್, ಈ ರಾಮಸ್ವಾಮಿ ಯಾರು?’ ಎಂದು ಕೇಳಿದ. ‘ಯಾರೋ ದಿವಾನರಿರಬೇಕು’ ಎಂದುಬಿಟ್ಟೆ. ಆ ತಪ್ಪು ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ.

1947ರ ಆಗಸ್ಟ್ 15ರಂದು, ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಪರಕೀಯರ ಆಳ್ವಿಕೆ ಮುಗಿದಿತ್ತು. ಘಟ್ಟದ ಮೇಲಿನ ಮೈಸೂರು ಸಂಸ್ಥಾನದಲ್ಲಿ ಮಾತ್ರ ಅಧಿಕಾರ ಜನರ ಪ್ರತಿನಿಧಿಗಳ ಕೈಸೇರಿರಲಿಲ್ಲ. ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ಅಲ್ಲಿನ ದಿವಾನರು. ಜವಾಬ್ದಾರಿ ಸರಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ವಿದ್ಯಾರ್ಥಿಗಳು ತರಗತಿಗಳನ್ನು ತೊರೆದು ಬೀದಿಗಿಳಿದರು. ಸೆಪ್ಟೆಂಬರ್ 13ರಂದು, ಐದು ದೀಪದ ವೃತ್ತವೆನಿಸಿದ್ದ ಅದೇ ಸ್ಥಳದಲ್ಲಿ, ರಾಷ್ಟ್ರಧ್ವಜವನ್ನು ಹಾರಿಸಹೊರಟ ಹಾರ್ಡ್ವಿಕ್ ಶಾಲೆಯ ಹುಡುಗ ರಾಮಸ್ವಾಮಿ ಗುಂಡಿಗೆ ಬಲಿಯಾದ. ಮರುತಿಂಗಳೇ ಒಪ್ಪಂದವಾಗಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು.

ದಿವಾನರ ಹೆಸರೂ ಹುಡುಗನ ಹೆಸರೂ ಒಂದೇ. ವೃತ್ತಕ್ಕೆ ನಿಂತದ್ದು ಹುಡುಗನದು. ನಾನಾದರೋ ಅದನ್ನು ಅರಿಯದೆ ದಿವಾನರಿಗೆ ಒಪ್ಪಿಸಿಬಿಟ್ಟಿದ್ದೆ! ಪಠ್ಯದಲ್ಲಿದ್ದ ದಿವಾನರ ಸಾಧನೆಗಳನ್ನು ಬಾಯಿಪಾಠ ಮಾಡಿಸಿದ ನನಗೆ, ನನ್ನ ಮುಂದೆ ಕುಳಿತ ಮಕ್ಕಳ ವಯಸ್ಸಿನವನೊಬ್ಬ ಚರಿತ್ರೆಯಲ್ಲಿದ್ದಾನೆಂಬುದೇ ತಿಳಿದಿರಲಿಲ್ಲ.

ಮಕ್ಕಳನ್ನು ಮೈಸೂರಿಗೆ ಕರೆದೊಯ್ಯುವ ಶಿಕ್ಷಕಮಿತ್ರರಲ್ಲಿ ಒಂದು ಬಿನ್ನಹ: ಅರಮನೆಗೆ ಹೋಗುವ ಮುನ್ನ ಆ ವೃತ್ತದ ಬಳಿ ಐದು ನಿಮಿಷ ನಿಲ್ಲಿ. ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿರುವನೋ! ಅವನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಇಲ್ಲಿ ಬರೆದಿದ್ದೇನೆ.