ಕಡಿಮೆ ಓಡಿದ ಕಾರೇ ಒಳ್ಳೆಯ ಕಾರೇ? ಸೆಕೆಂಡ್ ಹ್ಯಾಂಡ್ ಟರ್ಬೊ ಸೆಡಾನ್ ಮತ್ತು ಮನೆಯ ಹಳೆ ಎರಡು ಬಾಗಿಲ ಕಾರಿನ ಬಗ್ಗೆ ಸುತ್ತುವ ಮಾತುಗಳು

"ಡಾಕ್ಟರ್ ಓಡಿಸಿದ ಗಾಡಿ, ಬರೀ 22 ಸಾವಿರ ಕಿಲೋಮೀಟರ್, ಶೆಡ್ ಬಿಟ್ಟು ಹೊರಗೆ ಬಂದಿಲ್ಲ." ಇಂಥ ಒಕ್ಕಣೆಯ ಜಾಹೀರಾತು ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತದೆ. ಯಮಕನಮರಡಿಯಂಥ ಊರಿಗೆ ಇದು ಇನ್ನೂ ಹೆಚ್ಚು. ರಾಷ್ಟ್ರೀಯ ಹೆದ್ದಾರಿ 48 ಪಕ್ಕದಲ್ಲೇ ಇದೆ. ಒಂದು ದಿಕ್ಕಿಗೆ ಬೆಳಗಾವಿ, ಇನ್ನೊಂದು ದಿಕ್ಕಿಗೆ ಸಂಕೇಶ್ವರ, ನಿಪ್ಪಾಣಿ ದಾಟಿದರೆ ಕೊಲ್ಹಾಪುರ. ಕೆಎ 22, ಕೆಎ 23, ಕೆಎ 49 ಪ್ಲೇಟಿನ ಕಾರುಗಳ ಜೊತೆ ಎಂಎಚ್ 09 ಪ್ಲೇಟಿನವೂ ಮಾರಾಟಕ್ಕೆ ಬರುತ್ತವೆ. ಹೊಸದಾಗಿದ್ದಾಗ ಹದಿನೈದು, ಇಪ್ಪತ್ತು ಲಕ್ಷವಿದ್ದ ಆಕ್ಟೇವಿಯಾ, ಸಿವಿಕ್, ವೆಂಟೊ, ವರ್ನಾ ಟರ್ಬೊ ಕೆಲವು ವರ್ಷಗಳ ನಂತರ ಕೈಗೆಟಕುವ ಬೆಲೆಗೆ ಸಿಗುತ್ತವೆ. ವೇಗದ ಸೆಡಾನ್ ಕೊಳ್ಳಬೇಕು, ಅಪ್ಪನ ಕಾಲದ ಹಳೆ ಕಾರನ್ನೂ ಮಾರಬಾರದು ಎನ್ನುವವರಿಗಾಗಿ ಈ ಬರಹ.

ಕೂಪೆ ಎಂದರೆ ಎರಡೇ ಬಾಗಿಲಿನ, ಹಿಂಬದಿ ಇಳಿಜಾರಾಗಿರುವ ಕಾರು. ಅಪ್ಪಟ ಕೂಪೆಗಳು ನಮ್ಮಲ್ಲಿ ಅಪರೂಪ. ಹಳೆಯ ಎರಡು ಬಾಗಿಲ ಕಾರು ಎಂದರೆ ನೆನಪಾಗುವುದು ಮದ್ರಾಸಿನಲ್ಲಿ 1960ರ ದಶಕದಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ಇಲ್ಲವೇ 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಫೈಬರ್ ಬಾಡಿಯಲ್ಲಿ ತಂದ ಡಾಲ್ಫಿನ್. ನಿಮ್ಮ ಮನೆಯಲ್ಲಿರುವುದು ಪದ್ಮಿನಿಯೋ ಮಾರುತಿ 800ವೋ ಆಗಿದ್ದರೂ ಮುಂದೆ ಹೇಳುವುದು ಹೆಚ್ಚುಕಡಿಮೆ ಹಾಗೆಯೇ ಅನ್ವಯಿಸುತ್ತದೆ.

ಕಿಲೋಮೀಟರ್ ಕಡಿಮೆ ಇದ್ದರೆ ಸಾಕೇ?

ಸಾಲದು. ಕಾರು ಓಡಿದರೆ ಸವೆಯುತ್ತದೆ, ನಿಂತರೆ ಕೆಡುತ್ತದೆ. ಎಂಜಿನ್ ಆಯಿಲ್ ವರ್ಷಕ್ಕೊಮ್ಮೆಯಾದರೂ ಬದಲಾಗಬೇಕು, ಕಾರು ಸಾವಿರ ಕಿಲೋಮೀಟರ್ ಮಾತ್ರ ಓಡಿದ್ದರೂ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಬೆಲ್ಟ್ ರಬ್ಬರಿನದು, ಅದಕ್ಕೆ ಕಿಲೋಮೀಟರಿನ ಗಡುವಿನ ಜೊತೆ ವರ್ಷದ ಗಡುವೂ ಇರುತ್ತದೆ. ಅದು ಹರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗಳಿಗೆ ಬಡಿಯುತ್ತದೆ. ಆಮೇಲೆ ಬರುವ ಬಿಲ್ಲು ಕೆಲವೊಮ್ಮೆ ಕಾರಿನ ಅರ್ಧ ಬೆಲೆ. ಎಂಟು ವರ್ಷದಲ್ಲಿ 22 ಸಾವಿರ ಓಡಿದ, ಸರ್ವಿಸ್ ಬಿಲ್ ಇಲ್ಲದ ಕಾರಿಗಿಂತ 80 ಸಾವಿರ ಓಡಿ ಪ್ರತಿ ವರ್ಷದ ಬಿಲ್ ಇಟ್ಟುಕೊಂಡ ಕಾರನ್ನೇ ನಾವು ಆರಿಸುತ್ತೇವೆ.

ಅದೂ ಮೀಟರ್ ನಿಜ ಹೇಳುತ್ತಿದ್ದರೆ ಮಾತ್ರ. ಡಿಜಿಟಲ್ ಮೀಟರ್ ತಿದ್ದಲು ಬರುವುದಿಲ್ಲ ಎನ್ನುವುದು ತಪ್ಪು, ಲ್ಯಾಪ್‌ಟಾಪ್ ಜೋಡಿಸಿ ತಿದ್ದುತ್ತಾರೆ. ಕ್ಲಚ್ ಮತ್ತು ಬ್ರೇಕ್ ಪೆಡಲ್‌ನ ರಬ್ಬರ್, ಸ್ಟಿಯರಿಂಗ್‌ನ ನುಣುಪು, ಚಾಲಕನ ಸೀಟಿನ ಅಂಚು ನೋಡಿ. 22 ಸಾವಿರದ ಕಾರಿನಲ್ಲಿ ಪೆಡಲ್ ರಬ್ಬರ್ ಬೋಳಾಗಿರುವುದಿಲ್ಲ. ಕಾರಿನ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಳೆಯ ದಾಖಲೆ ಕೇಳಿ. ಮಾಲೀಕರೂ ನಿಮ್ಮ ಜೊತೆಗಿದ್ದರೆ ಕೆಲಸ ಸುಲಭ.

ನೀರು ಕುಡಿದ ಕಾರು

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರ, ಸಾಂಗ್ಲಿ, ಚಿಕ್ಕೋಡಿ, ಗೋಕಾಕ ಎಲ್ಲವೂ ನೀರಿನಲ್ಲಿದ್ದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯೇ ಬಂದ್ ಆಗಿತ್ತು. 2021ರ ಜುಲೈನಲ್ಲಿ ಮತ್ತೆ ಪ್ರವಾಹ ಬಂತು. ಮನೆ ಮುಂದೆ ನಿಂತ ಕಾರುಗಳಿಗೂ ನೀರು ನುಗ್ಗಿತು. ಹೀಗೆ ಮುಳುಗಿದ ಕಾರನ್ನು ತೊಳೆದು, ಒಣಗಿಸಿ, ಸೀಟ್ ಕವರ್ ಹಾಕಿದರೆ ಮೇಲ್ನೋಟಕ್ಕೆ ಗೊತ್ತೇ ಆಗುವುದಿಲ್ಲ.

ತೊಂದರೆ ಬರೀ ವಾಸನೆಯದಲ್ಲ. ಏರ್‌ಬ್ಯಾಗ್ ಯಾವಾಗ ಬಿಚ್ಚಿಕೊಳ್ಳಬೇಕು ಎಂದು ನಿರ್ಧರಿಸುವ ಪೆಟ್ಟಿಗೆ ಬಹಳಷ್ಟು ಕಾರುಗಳಲ್ಲಿ ಗೇರ್ ಲಿವರ್ ಆಸುಪಾಸು, ನೆಲಕ್ಕೆ ಹತ್ತಿಕೊಂಡೇ ಇರುತ್ತದೆ. ಸೀಟಿನ ಕೆಳಗಿನ ವೈರ್‌ಗಳೂ ಅಷ್ಟೇ ಕೆಳಗೆ. ನೀರು ತಾಗಿದ ಕನೆಕ್ಟರ್‌ಗಳು ಒಂದೆರಡು ವರ್ಷ ತಡೆದು ನಿಧಾನವಾಗಿ ಹಸಿರುಗಟ್ಟುತ್ತವೆ. ಅಲ್ಲಿಯವರೆಗೆ ಎಲ್ಲವೂ ಸರಿ ಇರುವಂತೆ ಕಾಣುತ್ತದೆ. 120ರ ವೇಗದಲ್ಲಿ ಓಡುವ ಆಸೆಯಿಂದಲೇ ಕೊಳ್ಳುವ ಕಾರಿನಲ್ಲಿ ಏರ್‌ಬ್ಯಾಗ್ ಬಿಚ್ಚದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕಂಡುಹಿಡಿಯಲು ದೊಡ್ಡ ಸಲಕರಣೆ ಬೇಡ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕಾರು ತೊಳೆಯುವವರು ಸಾಮಾನ್ಯವಾಗಿ ಮರೆಯುವ ಜಾಗ ಅದು, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟನ್ನು ಹಿಂದೆ ಮುಂದೆ ಸರಿಸಿ ಅದರ ಕಂಬಿ, ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿ ನೋಡಿ. ಕಾರ್ಪೆಟ್ ಅಂಚನ್ನು ಎತ್ತಿ ಕೈಯಿಂದ ಮುಟ್ಟಿ. ಹಳೆ ಕಾರಿನಲ್ಲಿ ಕಾರ್ಪೆಟ್ ಮಾತ್ರ ಹೊಚ್ಚಹೊಸದಾಗಿದ್ದರೆ ಏಕೆ ಎಂದು ಕೇಳಿ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಿಯೇ ಉಳಿದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಕಿತ್ತಿರಬಹುದು, ಅದು ಇನ್ನೂ ಕೆಟ್ಟದ್ದು. ಹಳೆಯ ವಿಮೆ ಪಾಲಿಸಿಗಳನ್ನೂ ಕೇಳಿ, ಅದರಲ್ಲಿರುವ ಕಂಪನಿಗೆ ಫೋನ್ ಮಾಡಿ ಕ್ಲೇಮ್ ಆಗಿದೆಯೇ ವಿಚಾರಿಸಿ.

ಟರ್ಬೊ ಗಾಡಿ ನಿಲ್ಲಿಸುವ ಮುಂಚೆ ಎರಡು ನಿಮಿಷ ಕಾಯಬೇಕೇ?

ಅರ್ಧ ಸತ್ಯ. ಟರ್ಬೊ ಸುಡು ಹೊಗೆಯಿಂದ ತಿರುಗುತ್ತದೆ. ಜೋರಾಗಿ ಓಡಿಸಿ ತಕ್ಷಣ ಬಂದ್ ಮಾಡಿದರೆ ಅದರೊಳಗಿನ ಆಯಿಲ್ ನಿಂತಲ್ಲೇ ಕರಟುತ್ತದೆ. ಹಳೆಯ ಟರ್ಬೊಗಳಿಗೆ ಈ ಸಲಹೆ ಸರಿಯೇ. ಈಚಿನ ಅನೇಕ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಕೂಲಂಟ್ ತಿರುಗಿಸುವ ಚಿಕ್ಕ ವಿದ್ಯುತ್ ಪಂಪ್ ಇರುತ್ತದೆ. ಹೇಗೂ ಊರೊಳಗೆ ಬರುವ ಕೊನೆಯ ಕಿಲೋಮೀಟರನ್ನು ಮೆತ್ತಗೆ ಓಡಿಸಿದರೆ ಕಾಯುವ ಅಗತ್ಯವೇ ಇಲ್ಲ. ಟರ್ಬೊ ಕೊಲ್ಲುವುದು ಹೆಚ್ಚಾಗಿ ತಪ್ಪು ದರ್ಜೆಯ ಅಗ್ಗದ ಆಯಿಲ್ ಮತ್ತು ಮುಂದೂಡಿದ ಆಯಿಲ್ ಬದಲಾವಣೆ. ಬೆಳಿಗ್ಗೆ ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಕಾಯಿಸುವುದೂ ಬೇಡ. ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಕೆಲವು ಕಿಲೋಮೀಟರ್ ಆಕ್ಸಿಲರೇಟರ್ ಒತ್ತಬೇಡಿ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಯಾರೋ ಏನನ್ನೋ ಮರೆಮಾಡಿದ್ದಾರೆ ಎಂಬ ಅನುಮಾನಕ್ಕೆ ಜಾಗವಿದೆ. ಚಳಿಯಲ್ಲಿ ಮೊದಲು ಬರುವ ಬಿಳಿ ಹಬೆ ಬರೀ ನೀರು. ನಿಲ್ಲದೇ ಬರುವ ಸಿಹಿ ವಾಸನೆಯ ಬಿಳಿ ಹೊಗೆ ಎಂದರೆ ಕೂಲಂಟ್ ಒಳಗೆ ಸೋರುತ್ತಿದೆ, ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ.

ಟೆಸ್ಟ್ ಡ್ರೈವ್‌ಗೆ ಯಮಕನಮರಡಿಯವರು ಅದೃಷ್ಟವಂತರು, ಬೆಳಗಾವಿ ಕಡೆಗೆ ವಂಟಮೂರಿ ಘಾಟ್ ಇದೆ. ಏರಿನಲ್ಲಿ ಎಂಜಿನ್ ಸದ್ದು ಏರಿದಂತೆ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆಟೊಮ್ಯಾಟಿಕ್ ಆಗಿದ್ದರೆ, ಅದರಲ್ಲೂ ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ ಆಗಿದ್ದರೆ, ಘಾಟ್‌ಗಿಂತ ಸಂತೆ ದಿನದ ಸಂಕೇಶ್ವರ ಪೇಟೆಯಲ್ಲಿ ಪರೀಕ್ಷಿಸಿ. ನಡಿಗೆಯ ವೇಗದಲ್ಲಿ ತೆವಳುವುದು ಈ ಗೇರ್‌ಬಾಕ್ಸ್‌ಗೆ ಕಷ್ಟ, ರೋಗವಿದ್ದರೆ ಅಲ್ಲೇ ನಡುಕ ಕಾಣುತ್ತದೆ. ಫೋನಿಗೆ ಜೋಡಿಸುವ ಚಿಕ್ಕ ಒಬಿಡಿ ಸ್ಕ್ಯಾನರ್ ಅಗ್ಗಕ್ಕೆ ಸಿಗುತ್ತದೆ. ದೋಷದ ಕೋಡ್ ಇಲ್ಲವೆಂದು ತೋರಿಸಿದರೂ "ಪರೀಕ್ಷೆಗಳು ಪೂರ್ತಿಯಾಗಿಲ್ಲ" ಎಂದು ಬಂದರೆ, ಯಾರೋ ಈಗಷ್ಟೇ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ಬಿಚ್ಚಿರಬಹುದು.

ಟೈರ್ ಬಗ್ಗೆ ಒಂದೇ ಮಾತು: ಗೀರು ಮಾತ್ರವಲ್ಲ, ತಾರೀಖು ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 3219 ಎಂದರೆ 2019ರ 32ನೇ ವಾರ. ಕಡಿಮೆ ಓಡಿದ ಕಾರಿನಲ್ಲಿ ಗೀರು ಹೊಸದರಂತೆ ಇದ್ದು ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಟೈರಿನ ಬದಿಯಲ್ಲೇ ವೇಗದ ಅಕ್ಷರವೂ ಇರುತ್ತದೆ, ಟಿ ಎಂದರೆ ಗಂಟೆಗೆ 190, ಎಚ್ ಎಂದರೆ 210, ವಿ ಎಂದರೆ 240 ಕಿಲೋಮೀಟರ್. ದುಡ್ಡು ಉಳಿಸಲು ಹಿಂದಿನವರು ಕೆಳದರ್ಜೆಯ ಟೈರ್ ಹಾಕಿಸಿದ್ದಾರೆಯೇ ಎಂದು ಇದರಿಂದ ಗೊತ್ತಾಗುತ್ತದೆ. ನೈಟ್ರೋಜನ್ ತುಂಬಿಸಿದರೆ ಟೈರ್ ಸಿಡಿಯುವುದಿಲ್ಲ ಎನ್ನುವ ಫಾರ್ವರ್ಡ್ ನಂಬಬೇಡಿ. ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಗಾಳಿ ಕಡಿಮೆಯಿದ್ದು ಜೋರಾಗಿ ಓಡಿಸಿದರೆ ಯಾವ ಅನಿಲವಿದ್ದರೂ ಟೈರ್ ಕಾಯುತ್ತದೆ.

"ಬಾರ್ಡರ್ ಜಿಲ್ಲೆ, ಎಂಎಚ್ ಪ್ಲೇಟಲ್ಲೇ ಓಡಿಸಿ"

ಹೀಗೆ ಹೇಳಿ ಮಾರುವವರಿದ್ದಾರೆ. ಗಡಿ ಜಿಲ್ಲೆಗೆ ಇಂಥ ವಿನಾಯಿತಿ ಇಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಬೇಕು. ಕೊಂಡ ಮೇಲೆ ಹೆಸರು ಬದಲಾವಣೆಗೆ 30 ದಿನ ಮಾತ್ರ. ಮಾರುವವರ ಆರ್‌ಟಿಒದಿಂದ ನಮೂನೆ 28ರಲ್ಲಿ ಎನ್‌ಒಸಿ, ಜೊತೆಗೆ ಸಹಿ ಮಾಡಿದ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನ ನಮೂನೆ 35 ಬೇಕು. ಇವು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಮುಖ್ಯ ಲೆಕ್ಕ ತೆರಿಗೆಯದು. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಹೊಸ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 17, ಮೇಲೆ ಸೆಸ್. ಹಳೆ ಕಾರಿಗೆ ವಯಸ್ಸಿನಂತೆ ಇದು ಇಳಿಯುತ್ತದೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಕಾರಿನ ಮೂಲ ಬೆಲೆಯಿಂದ. ಕೊಲ್ಹಾಪುರದಲ್ಲಿ ಒಂದು ಲಕ್ಷ ಅಗ್ಗ ಎನಿಸಿದ ಕಾರು ಇಲ್ಲಿಯ ನಂಬರ್ ಬೀಳುವ ಹೊತ್ತಿಗೆ ದುಬಾರಿಯಾಗಿರಬಹುದು. ಮುಂಗಡ ಕೊಡುವ ಮುಂಚೆ ನಿಮ್ಮ ಆರ್‌ಟಿಒದಲ್ಲಿ ಆ ಮಾಡೆಲ್, ಆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಕೇಳಿ.

ಮನೆಯ ಹಳೆ ಕಾರು ಮತ್ತು ಕಬ್ಬಿನ ಪೆಟ್ರೋಲ್

ಹೊಸ ಕಾರು ಬಂದ ದಿನದಿಂದ ಹಳೆಯದು ಮೂಲೆ ಸೇರುತ್ತದೆ. "ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು" ಎನ್ನುತ್ತಾರೆ. ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟ್ ಐದು ನಿಮಿಷದಲ್ಲಿ ಬ್ಯಾಟರಿಗೆ ವಾಪಸ್ ಬರುವುದು ಕಷ್ಟ. ಸೈಲೆನ್ಸರ್ ಪೂರ್ತಿ ಕಾಯದೆ ಒಳಗೆ ನೀರು ನಿಂತು ತುಕ್ಕಾಗುತ್ತದೆ. ಬದಲಿಗೆ ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ರಸ್ತೆಯಲ್ಲಿ ಓಡಿಸಿ, ಹಿಡಕಲ್ ಡ್ಯಾಂ ಕಡೆ ಹೋಗಿ ಬಂದರೂ ಆಯಿತು. ಬ್ರೇಕ್, ಗೇರ್, ಟೈರ್ ಎಲ್ಲವೂ ಅಲುಗಾಡುತ್ತವೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿಯ ಒಂದು ತಂತಿ ಬಿಚ್ಚಿ, ಹ್ಯಾಂಡ್‌ಬ್ರೇಕ್ ಬದಲು ಚಕ್ರಕ್ಕೆ ಕಲ್ಲು ಕೊಡಿ.

ಇನ್ನು ಇ20. ನಮ್ಮ ಜಿಲ್ಲೆಯ ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ ಈಗ ಪಂಪಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಇರುತ್ತದೆ. ಮೈಲೇಜ್ ಅರ್ಧಕ್ಕಿಳಿಯುತ್ತದೆ ಎನ್ನುವುದು ಸುಳ್ಳು. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಎಥೆನಾಲ್ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ ಇ20ಯಲ್ಲಿ ಶಕ್ತಿ ಶೇ 6ರಿಂದ 7ರಷ್ಟು ಕಡಿಮೆ. ಏನೂ ಆಗುವುದಿಲ್ಲ ಎನ್ನುವುದೂ ಹಳೆ ಕಾರಿನ ಮಟ್ಟಿಗೆ ಸರಿಯಲ್ಲ. ಕಾರ್ಬ್ಯುರೇಟರ್ ಕಾಲದ ರಬ್ಬರ್ ಪೈಪು, ವಾಷರ್‌ಗಳು ಎಥೆನಾಲ್‌ಗೆ ಉಬ್ಬುತ್ತವೆ ಅಥವಾ ಬಿರಿಯುತ್ತವೆ. ಬಿರುಕುಬಿಟ್ಟ ಪೈಪು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹನಿಸಿದರೆ ಬೆಂಕಿ. ಎಥೆನಾಲ್ ತಡೆಯುವ ಪೈಪು ಹಾಕಿಸಿ. ಅದು ಟ್ಯಾಂಕಿನ ಹಳೆ ಕೊಳೆಯನ್ನೂ ಕಿತ್ತು ತರುವುದರಿಂದ ಫಿಲ್ಟರನ್ನು ಬೇಗ ಬದಲಿಸಿ.

ಬಾಟಲಿಯಲ್ಲಿ ಪೆಟ್ರೋಲಿಗೆ ನೀರು ಬೆರೆಸಿ "ನೋಡಿ, ಪಂಪಿನವರ ಮೋಸ" ಎನ್ನುವ ವಿಡಿಯೊ ನೀವೂ ನೋಡಿರಬಹುದು. ಎಥೆನಾಲ್ ಪೆಟ್ರೋಲಿಗಿಂತ ನೀರನ್ನು ಹೆಚ್ಚು ಇಷ್ಟಪಡುತ್ತದೆ. ನೀವು ಹಾಕಿದ ನೀರಿನೊಳಕ್ಕೆ ಅದು ಇಳಿದು ಕೆಳಗಿನ ಪದರ ದಪ್ಪವಾಗುತ್ತದೆ. ಅದು ಮೋಸದ ಪುರಾವೆಯಲ್ಲ. ಆದರೆ ಇದೇ ಗುಣದಿಂದ ತಿಂಗಳುಗಟ್ಟಲೆ ನಿಂತ ಟ್ಯಾಂಕಿಗೆ ನೀರು ಸೇರಿದರೆ ಪದರ ಬೇರ್ಪಟ್ಟು ತಳದಲ್ಲಿ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಹಳೆ ಕಾರಿನಲ್ಲಿ ಇಂಧನ ಹಾಗೇ ಬಿಡದೆ ಓಡಿಸಿ ಖಾಲಿ ಮಾಡಿ, ಹೊಸದು ಹಾಕಿಸಿ.

15 ವರ್ಷ ಆದರೆ ಗುಜರಿಗೇ?

ಆ ಫಾರ್ವರ್ಡ್‌ನ ಮೂಲ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದ ಆದೇಶ. ಕರ್ನಾಟಕದಲ್ಲಿ 15 ವರ್ಷ ತುಂಬಿದ ಖಾಸಗಿ ಕಾರನ್ನು ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಗಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಹೆರಾಲ್ಡ್‌ನಂಥ ಕಾರಿಗೆ 2021ರ ನಿಯಮದಡಿ 20,000 ರೂಪಾಯಿ ಕಟ್ಟಿ ವಿಂಟೇಜ್ ನೋಂದಣಿ ಪಡೆಯಬಹುದು. ಆದರೆ ಆ ಪ್ಲೇಟಿನ ಕಾರನ್ನು ಪ್ರದರ್ಶನ, ರ‍್ಯಾಲಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಗೋಕಾಕ ಫಾಲ್ಸ್‌ಗೆ ಹೋಗಿಬರುವ ಆಸೆಯಿದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸುತ್ತಿರಿ. ಅವಧಿ ಮುಗಿಯುವ 60 ದಿನ ಮೊದಲಿನಿಂದ ನಮೂನೆ 25ರಲ್ಲಿ ಅರ್ಜಿ ಹಾಕಬಹುದು.