ಕಾಗದ ಮುರಿದದ್ದು, ತಾಲೀಮು ಕೂಡಿಸಿದ್ದು: ಬ್ರಾಮ್ಸ್‌ರ ಜೋಡಿ ಕನ್ಸರ್ಟೊ, 1887

ಒಂದು ಸಂಗೀತ ಕೃತಿಯನ್ನು ಚರಿತ್ರೆಯ ದಾಖಲೆ ಅಂತ ಓದಬಹುದೇ? ಓದಿದರೆ ಎಲ್ಲಿಯವರೆಗೆ? ಇದಕ್ಕೆ ನಾನು ತೆಗೆದುಕೊಂಡ ಉದಾಹರಣೆ, ಯೊಹಾನೆಸ್ ಬ್ರಾಮ್ಸ್ ವಯೊಲಿನ್, ಚೆಲ್ಲೊ ಮತ್ತು ಆರ್ಕೆಸ್ಟ್ರಾಕ್ಕಾಗಿ ಬರೆದ ಎ ಮೈನರ್ ಕನ್ಸರ್ಟೊ, ಓಪಸ್ 102. ಆರ್ಕೆಸ್ಟ್ರಾಕ್ಕೆ ಅವರು ಬರೆದ ಕೊನೆಯ ಕೃತಿಯೂ ಇದೇ.

ಮೊದಲು ಹಿನ್ನೆಲೆ. ವಯೊಲಿನ್ ವಾದಕ ಯೋಸೆಫ್ ಯೋಆಖಿಮ್ ಮತ್ತು ಬ್ರಾಮ್ಸ್ ಸ್ನೇಹಿತರಾದದ್ದು 1853ರಲ್ಲಿ. ಬ್ರಾಮ್ಸ್‌ರ ವಯೊಲಿನ್ ಕನ್ಸರ್ಟೊವನ್ನು 1879ರ ಜನವರಿ 1ರಂದು ಲೈಪ್ಜಿಗ್‌ನಲ್ಲಿ ಮೊದಲು ನುಡಿಸಿದವರು ಯೋಆಖಿಮ್. ಅಷ್ಟು ಹತ್ತಿರದವರು. ಆಮೇಲೆ ಯೋಆಖಿಮ್‌ಗೆ ಹೆಂಡತಿ, ಗಾಯಕಿ ಅಮಾಲಿಯೆ ಮೇಲೆ ಸಂಶಯ ಬಂತು. ಪ್ರಕಾಶಕ ಫ್ರಿಟ್ಸ್ ಸಿಮ್ರೋಕ್ ಜೊತೆ ಸಂಬಂಧ ಇದೆ ಅಂತ. ಬ್ರಾಮ್ಸ್ ನಂಬಲಿಲ್ಲ. 1880ರ ಡಿಸೆಂಬರ್‌ನಲ್ಲಿ ಅಮಾಲಿಯೆಗೆ ಕಾಗದ ಬರೆದು ಧೈರ್ಯ ಹೇಳಿದರು. ಆ ಖಾಸಗಿ ಕಾಗದವೇ ವಿಚ್ಛೇದನದ ಮೊಕದ್ದಮೆಯಲ್ಲಿ ಆಕೆಯ ಪರ ಸಾಕ್ಷ್ಯವಾಗಿ ಕೋರ್ಟಿಗೆ ಬಂತು. ಸ್ನೇಹ ಮುರಿದುಬಿತ್ತು. ಆದರೆ ಇದನ್ನೂ ಗಮನಿಸಬೇಕು: ಮಾತು ನಿಂತರೂ ಯೋಆಖಿಮ್ ಬ್ರಾಮ್ಸ್‌ರ ಸಂಗೀತ ನುಡಿಸುವುದನ್ನು ನಿಲ್ಲಿಸಲಿಲ್ಲ.

1887ರ ಬೇಸಿಗೆಯಲ್ಲಿ, ಸ್ವಿಟ್ಜರ್‌ಲೆಂಡಿನ ಥೂನ್ ಸರೋವರದ ಬಳಿ ಇದ್ದಾಗ, ಬ್ರಾಮ್ಸ್ ಈ ಕೃತಿ ಬರೆದರು. ಸೆಪ್ಟೆಂಬರ್‌ನಲ್ಲಿ ಬಾಡೆನ್-ಬಾಡೆನ್‌ನಲ್ಲಿ ತಾಲೀಮು ನಡೆಯಿತು. ಅಲ್ಲಿದ್ದ ಕ್ಲಾರಾ ಶೂಮನ್ ತಮ್ಮ ದಿನಚರಿಯಲ್ಲಿ ಇದನ್ನು ಸಂಧಾನದ ಕೃತಿ ಎಂದು ಕರೆದು, ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಮಾತಾಡಿದರು ಎಂದು ದಾಖಲಿಸಿದರು. ಅಕ್ಟೋಬರ್ 18ರಂದು ಕಲೋನ್‌ನಲ್ಲಿ ಬ್ರಾಮ್ಸ್‌ರೇ ನಿರ್ದೇಶಿಸಿ ಮೊದಲ ಪ್ರದರ್ಶನ ಆಯಿತು.

ಸ್ವರಲಿಪಿಯಲ್ಲಿ ಇದಕ್ಕೆ ಗುರುತು ಇದೆಯೇ? ಇದೆ. 'ಸ್ವತಂತ್ರ, ಆದರೆ ಒಂಟಿ' ಎನ್ನುವುದು ಯೋಆಖಿಮ್‌ರ ಧ್ಯೇಯವಾಕ್ಯ. ಜರ್ಮನ್‌ನಲ್ಲಿ ಅದರ ಮೊದಲಕ್ಷರಗಳು ಎಫ್, ಎ, ಇ. ಮೂರೂ ಸ್ವರಗಳ ಹೆಸರೇ. ಇವೇ ಸ್ವರಗಳು ಅದಲುಬದಲಾಗಿ, ಎ-ಇ-ಎಫ್ ಆಗಿ, ಮೊದಲ ಭಾಗದಲ್ಲಿ ಬರುತ್ತವೆ.

ಇಲ್ಲಿಗೆ ನಿಲ್ಲಿಸಿದರೆ ಮೂರನೆಯವರು ಮರೆತುಹೋಗುತ್ತಾರೆ. ಚೆಲ್ಲೊ ನುಡಿಸಿದವರು ರಾಬರ್ಟ್ ಹೌಸ್ಮನ್. ಬ್ರಾಮ್ಸ್‌ರ 1886ರ ಎರಡನೇ ಚೆಲ್ಲೊ ಸೊನಾಟಾ ಅವರಿಗಾಗಿ ಬರೆದದ್ದು. ಯೋಆಖಿಮ್‌ರ ಕ್ವಾರ್ಟೆಟ್‌ನಲ್ಲಿ ಚೆಲ್ಲೊ ವಾದಕರೂ ಅವರೇ. ಎರಡೂ ಕಡೆಗೆ ಬೇಕಾದವರು. ಕೃತಿಯಲ್ಲೂ ನೋಡಿ: ಆರ್ಕೆಸ್ಟ್ರಾ ನಾಲ್ಕು ಮಾತ್ರಾಗಣ ನುಡಿಸಿದ ಕೂಡಲೇ ಒಂಟಿಯಾಗಿ ಮಾತು ಶುರುಮಾಡುವುದು ಚೆಲ್ಲೊ. ಕೊನೆಯ ಭಾಗ ತೆಗೆಯುವುದೂ ಅದೇ. ಜುಗಲಬಂದಿ ಕೇಳಿದವರು ಸವಾಲ್-ಜವಾಬ್ ನಿರೀಕ್ಷಿಸಬಹುದು. ಆದರೆ ನಿಧಾನಗತಿಯ ನಡುಭಾಗದ ಮುಖ್ಯ ರಾಗವನ್ನು ಎರಡೂ ವಾದ್ಯ ಒಟ್ಟಿಗೇ, ಒಂದು ಸ್ಥಾಯಿಯ ಅಂತರದಲ್ಲಿ ನುಡಿಸುತ್ತವೆ.

ನನ್ನ ವಾದ ಇಷ್ಟೇ. ಸ್ವರಗಳು ಯಾರಿಗೆ ಬರೆದದ್ದು ಎನ್ನುವುದನ್ನು ತಿಳಿಸುತ್ತವೆ. ಕ್ಷಮೆ ಸಿಕ್ಕಿತೋ ಇಲ್ಲವೋ ಅದನ್ನು ಅವು ಹೇಳಲಾರವು. ಅದಕ್ಕೆ ಕ್ಲಾರಾ ಅವರ ದಿನಚರಿ ಬೇಕು. ಆದರೆ ಕೃತಿ ಒಂದು ಕೆಲಸ ಮಾಡಿತು: ಇದನ್ನು ನುಡಿಸಬೇಕಾದರೆ ಮುನಿಸಿಕೊಂಡವರು ಒಂದೇ ಕೋಣೆಯಲ್ಲಿ ಕೂತು ತಾಲೀಮು ಮಾಡಲೇಬೇಕಿತ್ತು. ಒಬ್ಬರಿಗೆಂದು ಬರೆದ ಕಾಗದ ಕೋರ್ಟಿಗೆ ಹೋಗಿ ಸ್ನೇಹ ಕೆಡಿಸಿತು. ಎಲ್ಲರೆದುರು ನುಡಿಸಲೆಂದು ಬರೆದ ಸಂಗೀತ ಇಬ್ಬರನ್ನು ಮತ್ತೆ ಮಾತಾಡಿಸಿತು. ದಾಖಲೆಯೊಳಗೆ ಏನು ಬರೆದಿದೆ ಎಂಬುದರಷ್ಟೇ ಅದು ಯಾರ ಕೈಗೆ ಹೋಯಿತು, ಅಲ್ಲಿ ಏನು ಮಾಡಿಸಿತು ಎನ್ನುವುದನ್ನೂ ನಾವು ಕೇಳಬೇಕು.