ಮೈಸೂರಿನ ಜಾವಾ, ಯೆಜ್ಡಿ ಬೈಕ್‌ಗಳು: ಗೆದ್ದದ್ದು ಯಾವುದು, ಸೋತದ್ದು ಯಾವುದು, ಯಾಕೆ?

ಬುಲೆಟ್ ಎಂದರೆ ಚೆನ್ನೈ, ರಾಜದೂತ್ ಎಂದರೆ ಫರೀದಾಬಾದ್. ಹಾಗೆಯೇ ಜಾವಾ, ಯೆಜ್ಡಿ ಎಂದರೆ ನಮ್ಮ ಮೈಸೂರು. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಬೈಕ್‌ಗಳು ದೇಶದ ಎಲ್ಲ ಮೂಲೆಗೂ ಹೋದವು. ಅವುಗಳಲ್ಲಿ ಕೆಲವು ಇಂದಿಗೂ ರಸ್ತೆ ಮೇಲಿವೆ. ಕೆಲವು ಬಂದದ್ದೂ ಗೊತ್ತಾಗದೆ ಮರೆಯಾದವು. ಕಂಪನಿ ಮುಚ್ಚಿ 22 ವರ್ಷಗಳ ನಂತರ ಜಾವಾ ಹೆಸರು, 26 ವರ್ಷಗಳ ನಂತರ ಯೆಜ್ಡಿ ಹೆಸರು ಮತ್ತೆ ಶೋರೂಂಗೆ ಬಂತು. ಈ ಬೈಕ್‌ಗಳ ಗೆಲುವು, ಸೋಲಿನ ಪೂರ್ಣ ವಿವರ ಇಲ್ಲಿದೆ.

ಜಾವಾ ಹೆಸರು ಬಂದದ್ದು ಎಲ್ಲಿಂದ?

ಜಾವಾ ಎಂಬುದಕ್ಕೂ ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡುಕೊಂಡರು. ಎರಡೂ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿದಾಗ 'ಜಾವಾ' ಆಯಿತು.

ಈ ಕಂಪನಿಯ ಮೊದಲ ಬೈಕೇ ಸೋತಿತ್ತು. 500 ಸಿಸಿಯ ಆ ಗಾಡಿ ಭಾರ ಹೆಚ್ಚು, ಬೆಲೆಯೂ ಹೆಚ್ಚು. ಆಗ ಜಗತ್ತಿನಾದ್ಯಂತ ಆರ್ಥಿಕ ಕುಸಿತದ ಕಾಲ. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ ಹಾಕಿದ 175 ಸಿಸಿಯ ಅಗ್ಗದ ಬೈಕ್ ಬಂದ ಮೇಲೆಯೇ ಕಂಪನಿ ಚೇತರಿಸಿಕೊಂಡಿತು. ಜನರ ಜೇಬು ನೋಡಿ ಬೈಕ್ ಮಾಡಬೇಕು ಎಂಬ ಈ ಪಾಠ ಮುಂದೆ ಮೈಸೂರಿನ ಕಥೆಯಲ್ಲೂ ಮತ್ತೆ ಮತ್ತೆ ಎದುರಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಹಿಡಿತದಲ್ಲಿದ್ದಾಗಲೇ ಜಾವಾ ಎಂಜಿನಿಯರ್‌ಗಳು ಗುಟ್ಟಾಗಿ ಹೊಸ 250 ಸಿಸಿ ಬೈಕ್ ರೂಪಿಸಿದರು. 1946ರಲ್ಲಿ ಅದು 'ಪೆರಾಕ್' ಹೆಸರಿನಲ್ಲಿ ಹೊರಬಂತು. ಯುದ್ಧಕಾಲದಲ್ಲಿ ಮನೆಯಿಂದ ಮನೆಗೆ ಸ್ಪ್ರಿಂಗ್‌ನಂತೆ ಜಿಗಿದು ನಾಜಿಗಳನ್ನು ಕಾಡುತ್ತಿದ್ದ ಎಂದು ಪ್ರಾಗ್ ಜನ ಹೇಳುತ್ತಿದ್ದ ಕಲ್ಪಿತ ವೀರನ ಹೆಸರು ಅದು. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದುದರಿಂದ ಬೈಕಿಗೂ ಅದೇ ಹೆಸರು ಬಂತು. ಇದರ ಮುಂದಿನ ಪೀಳಿಗೆಯಾಗಿ 1954ರಲ್ಲಿ ಬಂದ ಟೈಪ್ 353 ಮಾದರಿಯೇ ಭಾರತದ ಜಾವಾದ ಮೂಲ.

ಮೈಸೂರಿಗೆ ಬಂದದ್ದು ಹೇಗೆ?

ಮುಂಬೈನ ಇರಾನಿ ಕುಟುಂಬ 1950ರ ದಶಕದಲ್ಲಿ ಜಾವಾ ಬೈಕ್‌ಗಳನ್ನು ಆಮದು ಮಾಡಿ ಮಾರುತ್ತಿತ್ತು. ಸರ್ಕಾರ ಆಮದಿಗೆ ಕಡಿವಾಣ ಹಾಕಿದಾಗ ಇಲ್ಲೇ ತಯಾರಿಸುವುದು ಅನಿವಾರ್ಯವಾಯಿತು. ರುಸ್ತೋಂ ಇರಾನಿ ಮತ್ತು ಫಾರೂಖ್ ಇರಾನಿ ಜಾವಾ ಕಂಪನಿಯಿಂದ ಪರವಾನಗಿ ಪಡೆದು ಮೈಸೂರಿನಲ್ಲಿ ಐಡಿಯಲ್ ಜಾವಾ ಇಂಡಿಯಾ ಲಿಮಿಟೆಡ್ ಆರಂಭಿಸಿದರು. ಅಂದು ಮೈಸೂರು ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಲ್ಲಿ ಉತ್ಪಾದನೆ ಶುರುವಾಯಿತು.

ಮೈಸೂರಿಗರಿಗೆ ಇದು ಬರೀ ಬೈಕ್ ಕಂಪನಿ ಆಗಿರಲಿಲ್ಲ. ಸಾವಿರಾರು ಕುಟುಂಬಗಳ ಅನ್ನ ಅದರಲ್ಲಿತ್ತು. ಊರಿನ ಐಡಿಯಲ್ ಜಾವಾ ರೋಟರಿ ಶಾಲೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ.

ಗೆದ್ದ ಮಾದರಿಗಳು

1. ಜಾವಾ 250

ಮರೂನ್ ಬಣ್ಣ, ಹೊಳೆಯುವ ಕ್ರೋಮ್ ಟ್ಯಾಂಕ್, ಹೆಡ್‌ಲೈಟ್ ಮೇಲೆಯೇ ಸ್ಪೀಡೋಮೀಟರ್. ಎಂಜಿನ್‌ಗೆ ಸಿಲಿಂಡರ್ ಒಂದೇ, ಆದರೆ ಸೈಲೆನ್ಸರ್ ಎರಡು. ಟು-ಸ್ಟ್ರೋಕ್ ಎಂಜಿನ್, ನಾಲ್ಕು ಗೇರ್, ಸುಮಾರು 12 ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಇದು ಕಡಿಮೆ ಅನಿಸಬಹುದು. ಅಂದಿನ ರಸ್ತೆಗಳಿಗೆ ಧಾರಾಳವಾಗಿತ್ತು.

ಇದರ ಗೇರ್ ಲಿವರ್ ಈಗಲೂ ಹೊಸಬರಿಗೆ ಅಚ್ಚರಿ ಹುಟ್ಟಿಸುತ್ತದೆ. ಗೇರ್ ಹಾಕುವುದೂ ಅದರಿಂದಲೇ, ಕಿಕ್ ಹೊಡೆಯುವುದೂ ಅದರಿಂದಲೇ. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಬೈಕ್ ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಮತ್ತೆ ಗೇರ್. ಇನ್ನೊಂದು ವಿಶೇಷವೆಂದರೆ ಗೇರ್ ಬದಲಿಸುವಾಗ ಕೈಯಲ್ಲಿ ಕ್ಲಚ್ ಹಿಡಿಯಲೇಬೇಕೆಂದಿಲ್ಲ. ಕಾಲಿನಿಂದ ಲಿವರ್ ಒತ್ತಿದಾಗಲೇ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತದೆ.

ಗೆದ್ದದ್ದು ಯಾಕೆ? ಎಂಜಿನ್ ಒಳಗೆ ಭಾಗಗಳು ಕಡಿಮೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಣ್ಣ ಊರಿನ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಹುದಿತ್ತು. ಚಾಸಿಸ್ ಗಟ್ಟಿ. ಹೀಗಾಗಿ ಹಾಲಿನ ಕ್ಯಾನು, ಗೊಬ್ಬರದ ಮೂಟೆ ಹೊರುವವರಿಗೂ, ಕಾಲೇಜು ಹುಡುಗರಿಗೂ ಒಂದೇ ಬೈಕ್ ಹೊಂದುತ್ತಿತ್ತು.

2. ಯೆಜ್ಡಿ 250, ಕ್ಲಾಸಿಕ್

ಪರವಾನಗಿ ಒಪ್ಪಂದ ಮುಗಿದ ಮೇಲೆ 1973ರಿಂದ ಕಂಪನಿ 'ಯೆಜ್ಡಿ' ಎಂಬ ಸ್ವಂತ ಹೆಸರು ಬಳಸತೊಡಗಿತು. ಇರಾನಿ ಕುಟುಂಬದ ಬೇರು ಇರುವ ಇರಾನ್ ದೇಶದ ಯಜ್ದ್ ನಗರದಿಂದ ಈ ಹೆಸರು ಬಂದಿದೆ. ಕಾಕತಾಳೀಯವೆಂದರೆ, ಇದೇ ಉಚ್ಚಾರಣೆಯ ಪದಕ್ಕೆ ಚೆಕ್ ಭಾಷೆಯಲ್ಲಿ 'ಓಡುತ್ತದೆ' ಎಂಬ ಅರ್ಥವಿದೆ!

ಹೆಸರು ಬದಲಾದರೂ ಎಂಜಿನ್‌ನ ಮೂಲ ಅದೇ ಆಗಿತ್ತು. ಬ್ರ್ಯಾಂಡ್ ಬದಲಾಯಿಸಿದ ಕಂಪನಿಗಳು ಗ್ರಾಹಕರನ್ನು ಕಳೆದುಕೊಳ್ಳುವುದು ಸಾಮಾನ್ಯ. ಇಲ್ಲಿ ಹಾಗಾಗಲಿಲ್ಲ. ಜಾವಾ ಮೇಲಿನ ನಂಬಿಕೆ ಯೆಜ್ಡಿಗೂ ಸಿಕ್ಕಿತು.

3. ಯೆಜ್ಡಿ ರೋಡ್‌ಕಿಂಗ್

1978ರಲ್ಲಿ ಬಂದ ರೋಡ್‌ಕಿಂಗ್ ಕಂಪನಿಯ ಅತಿ ಹೆಸರುವಾಸಿ ಮಾದರಿ. ಕ್ಲಾಸಿಕ್‌ನ ಎಂಜಿನ್ 13 ಅಶ್ವಶಕ್ತಿ ಕೊಟ್ಟರೆ ರೋಡ್‌ಕಿಂಗ್‌ನದು 16. ಚಕ್ರಗಳು ದೊಡ್ಡವಾದವು, ನೋಟ ಸ್ಪೋರ್ಟಿ ಆಯಿತು. ನಂತರದ ವರ್ಷಗಳಲ್ಲಿ ಸಿಡಿಐ ಇಗ್ನಿಷನ್ ಕೂಡ ಬಂತು. ಚೆನ್ನೈ ಬಳಿಯ ಷೋಲಾವರಂ ರೇಸ್‌ಗಳಲ್ಲಿ, ಮೋಟೋಕ್ರಾಸ್ ಮತ್ತು ರ‍್ಯಾಲಿಗಳಲ್ಲಿ ಯೆಜ್ಡಿ ಸವಾರರು ಹೆಸರು ಮಾಡಿದರು. ಇಂದು ಹಳೆ ಯೆಜ್ಡಿ ಹುಡುಕುವವರು ಮೊದಲು ಕೇಳುವುದು ರೋಡ್‌ಕಿಂಗ್ ಅನ್ನೇ.

ಸೋತ ಮಾದರಿಗಳು

1. ಜೆಟ್ ಮತ್ತು ಕೋಲ್ಟ್

ದೊಡ್ಡ ಬೈಕ್ ಕೊಳ್ಳಲಾಗದವರಿಗಾಗಿ ಕಂಪನಿ 50 ಸಿಸಿಯ ಜಾವಾ ಜೆಟ್, ನಂತರ 60 ಸಿಸಿಯ ಕೋಲ್ಟ್ ತಂದಿತು. ನೋಡಲು ಮುದ್ದಾಗಿದ್ದವು. ಆದರೆ 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ ಲೂನಾ ತಂದಿತು. ಪೆಟ್ರೋಲ್ ಖಾಲಿಯಾದರೆ ಪೆಡಲ್ ತುಳಿದು ಮನೆ ಸೇರಬಹುದಾದ ಗಾಡಿ ಅದು. ಗೇರ್ ಇಲ್ಲ, ತೂಕ ಕಡಿಮೆ. ಪುಟ್ಟ ಗಾಡಿಯ ಮಾರುಕಟ್ಟೆ ಮೊಪೆಡ್‌ಗಳ ಪಾಲಾಯಿತು.

2. ಆಯಿಲ್ ಕಿಂಗ್

ಟು-ಸ್ಟ್ರೋಕ್ ಬೈಕಿನಲ್ಲಿ ಪೆಟ್ರೋಲ್ ಜತೆ ಆಯಿಲ್ ಬೆರೆಸಬೇಕು. ಲೀಟರಿಗೆ ಸುಮಾರು 40 ಮಿ.ಲೀ. ಲೆಕ್ಕ. ಪ್ರತಿ ಸಲ ಬಂಕ್‌ನಲ್ಲಿ ಈ ಕಿರಿಕಿರಿ ಬೇಡವೆಂದು ಕಂಪನಿ ಆಯಿಲ್ ಕಿಂಗ್ ಮಾದರಿ ತಂದಿತು. ಬೇರೆಯೇ ಟ್ಯಾಂಕಿನಿಂದ ಪಂಪ್ ಮೂಲಕ ಆಯಿಲ್ ಎಂಜಿನ್‌ಗೆ ಹೋಗುವ ವ್ಯವಸ್ಥೆ ಇದು. ಯೋಚನೆ ಚೆನ್ನಾಗಿತ್ತು. ಆದರೆ ಪಂಪ್ ಕೈಕೊಟ್ಟರೆ ಆಯಿಲ್ ಇಲ್ಲದೆ ಎಂಜಿನ್ ಜಾಮ್ ಆಗುವ ಭಯ. ಅನೇಕ ಮಾಲೀಕರು ಪಂಪ್ ನಂಬದೆ ಮತ್ತೆ ಕೈಯಾರೆ ಆಯಿಲ್ ಬೆರೆಸತೊಡಗಿದರು.

3. ಯೆಜ್ಡಿ 175

ಮೈಲೇಜ್ ಕೇಳುವವರಿಗಾಗಿ, ರಾಜದೂತ್ 175ಕ್ಕೆ ಎದುರಾಗಿ ಬಂದ ಮಾದರಿ. ದೊಡ್ಡ ಯೆಜ್ಡಿಯ ಗತ್ತೂ ಇಲ್ಲ, ಜಪಾನಿ 100 ಸಿಸಿ ಬೈಕ್‌ಗಳ ಮೈಲೇಜೂ ಇಲ್ಲ ಎಂಬ ಸ್ಥಿತಿ ಇದರದ್ದಾಯಿತು.

4. ಯೆಜ್ಡಿ 350 ಟ್ವಿನ್

ಇದು ದೊಡ್ಡ ಕನಸು. ಜಾವಾ 350 ಆಧರಿಸಿದ ಎರಡು ಸಿಲಿಂಡರ್‌ನ, 343 ಸಿಸಿ ಎಂಜಿನ್. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ತಂತ್ರಜ್ಞಾನದ ರಾಜದೂತ್ 350 ತಂದಿದ್ದ ಕಾಲ. ಎರಡೂ ಬೈಕ್‌ಗಳಿಗೆ ಇಂದು ಸಂಗ್ರಹಕಾರರು ಮುಗಿಬೀಳುತ್ತಾರೆ. ಆದರೆ ಅಂದು ಎರಡೂ ವ್ಯಾಪಾರದಲ್ಲಿ ಸೋತವು. ಬೆಲೆ ಹೆಚ್ಚು, ಪೆಟ್ರೋಲ್ ಖರ್ಚು ಹೆಚ್ಚು, ಬಿಡಿಭಾಗ ಸಿಗುವುದು ಕಷ್ಟ. ಸಂಬಳದ ಜನ ಇಂಥ ಬೈಕನ್ನು ನೋಡಿ ಮೆಚ್ಚಿದರೇ ಹೊರತು ಕೊಳ್ಳಲಿಲ್ಲ. ಕ್ರೂಸರ್ ನೋಟದ ಮೊನಾರ್ಕ್ ಮಾದರಿಯೂ ಹೆಚ್ಚು ದಿನ ನಿಲ್ಲಲಿಲ್ಲ.

1996ರಲ್ಲಿ ಕಾರ್ಖಾನೆ ಮುಚ್ಚಿದ್ದು ಯಾಕೆ?

ಒಂದೇ ಕಾರಣ ಹೇಳಲು ಆಗುವುದಿಲ್ಲ. ಮೂರು ಹೊಡೆತಗಳು ಒಟ್ಟಿಗೆ ಬಿದ್ದವು.

ಮೊದಲನೆಯದು ಜಪಾನಿ ಬೈಕ್‌ಗಳು. 1980ರ ದಶಕದ ಮಧ್ಯದಲ್ಲಿ ಸುಜುಕಿ, ಯಮಹಾ, ಕವಾಸಾಕಿ, ಹೋಂಡಾ ಒಂದರ ಹಿಂದೆ ಒಂದು ಭಾರತಕ್ಕೆ ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಫೋರ್-ಸ್ಟ್ರೋಕ್ ಬೈಕ್. ಲೀಟರಿಗೆ 80 ಕಿ.ಮೀ. ಎಂದು ಅದರ ಜಾಹೀರಾತು ಹೇಳುತ್ತಿತ್ತು. ಯೆಜ್ಡಿ ಕೊಡುತ್ತಿದ್ದುದು ಅದರ ಅರ್ಧಕ್ಕಿಂತ ಕಡಿಮೆ. ವೇಗ ಬೇಕೆನ್ನುವ ಹುಡುಗರಿಗೆ ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಬಂತು. ಹೀಗೆ ಮೈಲೇಜ್ ಕೇಳುವವರೂ ವೇಗ ಕೇಳುವವರೂ ಬೇರೆ ಶೋರೂಂಗೆ ಹೋದರು.

ಎರಡನೆಯದು ಹೊಗೆ. 1991ರಲ್ಲಿ ದೇಶದಲ್ಲಿ ಮಾಲಿನ್ಯ ಮಿತಿಗಳು ಜಾರಿಗೆ ಬಂದವು, 1996ರಲ್ಲಿ ಇನ್ನಷ್ಟು ಬಿಗಿಯಾದವು. ಆಯಿಲ್ ಸುಡುವ ಟು-ಸ್ಟ್ರೋಕ್ ಎಂಜಿನ್‌ಗೆ ಇವನ್ನು ದಾಟುವುದು ಕಷ್ಟ. ಹೊಸ ಫೋರ್-ಸ್ಟ್ರೋಕ್ ಎಂಜಿನ್ ಬೇಕಿತ್ತು. 1950ರ ದಶಕದ ಮೂಲ ವಿನ್ಯಾಸವನ್ನೇ ತಿದ್ದುತ್ತಾ ಬಂದ ಕಂಪನಿಯ ಬಳಿ ಅದು ಇರಲಿಲ್ಲ.

ಮೂರನೆಯದು ಹಣದ ಮುಗ್ಗಟ್ಟು ಮತ್ತು ಕಾರ್ಮಿಕ ವಿವಾದ. ಮಾರಾಟ ಕುಸಿದಂತೆ ಬಾಕಿಗಳು ಬೆಳೆದವು. 1996ರಲ್ಲಿ ಉತ್ಪಾದನೆ ನಿಂತಿತು. 2001ರಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯ ಸಮಾಪನಕ್ಕೆ ಆದೇಶ ನೀಡಿತು. ಬೈಕ್ ಪ್ರಿಯರು ಇದನ್ನು 'ಒಂದು ಯುಗದ ಅಂತ್ಯ' ಎಂದು ನೆನೆಯುತ್ತಾರೆ. ಮೈಸೂರಿನ ಕಾರ್ಮಿಕರಿಗೆ ಅದು ನಡುವಯಸ್ಸಿನಲ್ಲಿ ಕೆಲಸ ಹೋದ ದಿನ.

ಹಾಗಿದ್ದರೆ ಬುಲೆಟ್ ಹೇಗೆ ಉಳಿಯಿತು ಎಂದು ನೀವು ಕೇಳಬಹುದು. ರಾಯಲ್ ಎನ್‌ಫೀಲ್ಡ್ ಕೂಡ ಮುಚ್ಚುವ ಅಂಚಿಗೆ ಹೋಗಿತ್ತು. ಆದರೆ ಅದರದ್ದು ಫೋರ್-ಸ್ಟ್ರೋಕ್ ಎಂಜಿನ್. ಸೇನೆ ಮತ್ತು ಪೊಲೀಸ್ ಇಲಾಖೆಯ ಖರೀದಿ ಬೆನ್ನಿಗಿತ್ತು. 1994ರಲ್ಲಿ ಐಷರ್ ಸಮೂಹ ಅದನ್ನು ತನ್ನದಾಗಿಸಿಕೊಂಡು ಹಣ ಹಾಕಿತು. 2009ರಲ್ಲಿ ಹಳೆ ನೋಟಕ್ಕೆ ಹೊಸ ಎಂಜಿನ್ ಜೋಡಿಸಿ ಕ್ಲಾಸಿಕ್ 350 ತಂದಾಗ ಅದೃಷ್ಟವೇ ತಿರುಗಿತು. ಮೈಸೂರಿನ ಕಂಪನಿಗೆ ಈ ಮೂರರಲ್ಲಿ ಒಂದೂ ಸಿಗಲಿಲ್ಲ.

ಎರಡನೇ ಇನಿಂಗ್ಸ್

2016ರಲ್ಲಿ ಮಹೀಂದ್ರಾ ಸಮೂಹವು ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯ ಮೂಲಕ ಜಾವಾ ಹೆಸರನ್ನು ಬಳಸುವ ಪರವಾನಗಿ ಪಡೆಯಿತು. ರುಸ್ತೋಂ ಇರಾನಿ ಅವರ ಪುತ್ರ, ಮುಂಬೈನ ಬಿಲ್ಡರ್ ಬೊಮನ್ ಇರಾನಿ ಇದರ ಪಾಲುದಾರರಲ್ಲೊಬ್ಬರು. 2018ರ ನವೆಂಬರ್ 15ರಂದು ಮುಂಬೈನಲ್ಲಿ ಜಾವಾ ಮತ್ತು ಜಾವಾ 42 ಬಿಡುಗಡೆಯಾದವು. 293 ಸಿಸಿಯ ಫೋರ್-ಸ್ಟ್ರೋಕ್ ಲಿಕ್ವಿಡ್ ಕೂಲ್ಡ್ ಎಂಜಿನ್, 27 ಅಶ್ವಶಕ್ತಿ. ಎರಡು ಸೈಲೆನ್ಸರ್ ಮಾತ್ರ ಹಾಗೇ ಉಳಿದವು. ಆದರೆ ತಯಾರಿ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ.

ಬುಕಿಂಗ್ ಮುಗಿಬಿದ್ದು ಬಂತು. ಎಡವಿದ್ದು ಡೆಲಿವರಿಯಲ್ಲಿ. ಹಣ ಕಟ್ಟಿದವರು ತಿಂಗಳುಗಟ್ಟಲೆ ಕಾದರು. ಬೇಸತ್ತ ಕೆಲವರು ಬುಕಿಂಗ್ ರದ್ದು ಮಾಡಿದರು. ಒಂಟಿ ಸೀಟಿನ ಪೆರಾಕ್ ನೋಟದಲ್ಲಿ ಮನಗೆದ್ದರೂ, ಹಿಂದೆ ಒಬ್ಬರನ್ನು ಕೂರಿಸಲಾಗದ ಬೈಕ್ ನಮ್ಮ ಮನೆಗಳಿಗೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆ ಇದ್ದೇ ಇತ್ತು. ಜಾವಾ 42 ಮಾತ್ರ ತನ್ನ ಜಾಗ ಕಂಡುಕೊಂಡಿತು. ಮುಂದೆ ಅದೇ ಹೆಸರಿನಲ್ಲಿ ಬಾಬರ್, ಎಫ್‌ಜೆ ಮಾದರಿಗಳೂ ಬಂದವು.

2022ರ ಜನವರಿಯಲ್ಲಿ ರೋಡ್‌ಸ್ಟರ್, ಸ್ಕ್ರ್ಯಾಂಬ್ಲರ್, ಅಡ್ವೆಂಚರ್ ಎಂಬ ಮೂರು ಬೈಕ್‌ಗಳೊಂದಿಗೆ ಯೆಜ್ಡಿ ಮರಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ, ಯೆಜ್ಡಿ ಟ್ರೇಡ್‌ಮಾರ್ಕ್ ಸಮಾಪನೆಯಲ್ಲಿರುವ ಐಡಿಯಲ್ ಜಾವಾ ಕಂಪನಿಗೆ ಸೇರಿದ್ದು ಎಂದು ತೀರ್ಪು ನೀಡಿತು. ಪ್ರಕರಣ ಮೇಲ್ಮನವಿಗೆ ಹೋಯಿತು, ಬೈಕ್ ಮಾರಾಟ ಮುಂದುವರಿಯಿತು. ಸಾಲಗಾರರಿಗೂ ಕಾರ್ಮಿಕರಿಗೂ ಬಾಕಿ ಉಳಿಸಿ ಮುಚ್ಚಿದ ಕಂಪನಿಯ ಹೆಸರಿಗೂ ಬೆಲೆ ಇರುತ್ತದೆ, ಆ ಬೆಲೆ ಯಾರಿಗೆ ಸೇರಬೇಕು ಎಂಬುದೇ ಈ ವ್ಯಾಜ್ಯದ ತಿರುಳು.

ಊರಿನ ಮನೆಯಲ್ಲಿ ಹಳೆ ಯೆಜ್ಡಿ ಇದೆಯೇ?

ಕೆಲಸಕ್ಕೆಂದು ಮುಂಬೈ, ಪುಣೆ, ಹೈದರಾಬಾದ್ ಸೇರಿದ ಅನೇಕರ ಊರಿನ ಮನೆಯಲ್ಲಿ ಅಪ್ಪನ ಜಾವಾ ಅಥವಾ ಯೆಜ್ಡಿ ನಿಂತೇ ಇರಬಹುದು. ಗುಜರಿಗೆ ಹಾಕುವ ಮುನ್ನ ಇವನ್ನು ಗಮನಿಸಿ.

* ಮೊದಲು ಆರ್‌ಸಿ ಹುಡುಕಿ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ನವೀಕರಿಸದೆ ರಸ್ತೆಗೆ ಇಳಿಸುವಂತಿಲ್ಲ. ಎಂಜಿನ್, ಚಾಸಿಸ್ ನಂಬರ್ ಆರ್‌ಸಿಗೆ ಹೊಂದುತ್ತವೆಯೇ ನೋಡಿ. ಹಳೆ ಬೈಕ್ ಕೊಳ್ಳುವವರೂ ಇದನ್ನೇ ಮೊದಲು ನೋಡಬೇಕು.
* ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ಬೈಕ್‌ಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಪಡೆಯಬಹುದು. ಮರುನೋಂದಣಿ ಶುಲ್ಕ 5,000 ರೂ. ಆದರೆ ಅಂಥ ಬೈಕನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿಯಂಥ ಸಂದರ್ಭಗಳಿಗೆ ಮಾತ್ರ.
* ದೆಹಲಿಯಲ್ಲಿರುವವರು ಗಮನಿಸಿ: 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಅಲ್ಲಿ ವಿಶೇಷ ನಿರ್ಬಂಧಗಳಿವೆ. ಊರಿನಿಂದ ಬೈಕ್ ತರಿಸುವ ಮುನ್ನ ಸದ್ಯದ ಆದೇಶ ಏನಿದೆ ಎಂದು ಸಾರಿಗೆ ಇಲಾಖೆಯಲ್ಲಿ ವಿಚಾರಿಸಿ.
* ವರ್ಷಗಟ್ಟಲೆ ನಿಂತ ಬೈಕಿಗೆ ಒಮ್ಮೆಲೇ ಕಿಕ್ ಹೊಡೆಯಬೇಡಿ. ಟ್ಯಾಂಕಿನ ತುಕ್ಕು, ಹಳೆ ಪೆಟ್ರೋಲ್ ತೆಗೆಸಿ, ಕಾರ್ಬ್ಯುರೇಟರ್ ತೊಳೆಸಿ. ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನು ಮರೆತರೆ ಎಂಜಿನ್ ಕೆಡುವುದು ಖಚಿತ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಆಚರಿಸಲಾಗುತ್ತದೆ. ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಹಳೆ ಜಾವಾ, ಯೆಜ್ಡಿಗಳು ಸಾಲಾಗಿ ಹೊರಡುತ್ತವೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾವ ಮೆಕ್ಯಾನಿಕ್ ಕೈ ಒಳ್ಳೆಯದು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.